ತಿರುಪ್ಪೂರಿಗೆ ಮಾಲಿಗೆ ಹೋಗುವವರು ನೋಡದೆ ಬರುವ ಊರು: ಮಂಗಳೂರು ಒಪ್ಪಂದದಲ್ಲಿ ಹೆಸರಿರುವ ಧಾರಾಪುರಂ

ಮಂಗಳೂರು, ಉಳ್ಳಾಲ, ಬಿ.ಸಿ.ರೋಡ್, ಪುತ್ತೂರು ಕಡೆಯ ಬಟ್ಟೆ ವ್ಯಾಪಾರಿಗಳಿಗೆ ತಿರುಪ್ಪೂರು ಹೊಸ ಊರಲ್ಲ. ಪೆರ್ನಾಲ್ ಸೀಸನ್, ಶಾಲೆ ಆರಂಭದ ಸೀಸನ್ ಬಂತೆಂದರೆ ರೈಲು ಹತ್ತಿ ಹೋಗುವುದು, ಖಾದರ್‌ಪೇಟೆಯಲ್ಲಿ ಅಂಗಡಿ ಅಂಗಡಿ ತಿರುಗಿ ಬನಿಯನ್, ಟೀ ಶರ್ಟ್, ಮಕ್ಕಳ ಡ್ರೆಸ್ ಆರಿಸುವುದು, ಬೇಲ್ ಕಟ್ಟಿಸಿ ಪಾರ್ಸೆಲ್ ಆಫೀಸಿಗೆ ಹಾಕುವುದು, ರಾತ್ರಿ ರೈಲಿಗೆ ವಾಪಸ್. ಇಪ್ಪತ್ತು ಸಲ ಹೋಗಿ ಬಂದವರಿಗೂ ತಿರುಪ್ಪೂರು ಅಂದರೆ ಸ್ಟೇಷನ್‌ನಿಂದ ಖಾದರ್‌ಪೇಟೆವರೆಗಿನ ದಾರಿ ಅಷ್ಟೆ. ಮಾಲು ಬುಕ್ ಆದ ಮೇಲೆ ಮಧ್ಯಾಹ್ನದಿಂದ ರಾತ್ರಿವರೆಗೆ ಲಾಡ್ಜಿನಲ್ಲಿ ಮೊಬೈಲ್ ನೋಡುತ್ತಾ ಕೂರುವವರೇ ಹೆಚ್ಚು.

ಅದೇ ತಿರುಪ್ಪೂರಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿ ಅಮರಾವತಿ ನದಿಯ ದಡದಲ್ಲಿ ಧಾರಾಪುರಂ ಅಂತ ಒಂದು ಸಣ್ಣ ಊರು ಉಂಟು. 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನ್ ಮತ್ತು ಈಸ್ಟ್ ಇಂಡಿಯಾ ಕಂಪೆನಿ ನಡುವೆ ಆದ ಮಂಗಳೂರು ಒಪ್ಪಂದದಲ್ಲಿ ಕಂಪೆನಿ ಬಿಟ್ಟುಕೊಡಬೇಕಾದ ಕೋಟೆಗಳ ಸಾಲಿನಲ್ಲಿ ಆ ಊರಿನ ಹೆಸರು ಇದೆ. ಎಲ್ಲಿಯ ಮಂಗಳೂರು, ಎಲ್ಲಿಯ ಧಾರಾಪುರಂ! ಇಲ್ಲಿ ಕೂತು ಆ ಊರಿನ ಹಣೆಬರಹ ಬರೆಯುವ ಸಂದರ್ಭ ಯಾಕೆ ಬಂತು ಎಂಬುದು ಶಾಲೆಯ ಪುಸ್ತಕದಲ್ಲಿ ಇಲ್ಲ. ಆದರೆ ದಾರಿ ನೋಡಿದರೆ ಗೊತ್ತಾಗುತ್ತದೆ.

ಬೆಟ್ಟದಲ್ಲಿ ಒಂದು ಬಾಗಿಲು

ಪಶ್ಚಿಮ ಘಟ್ಟ ಗುಜರಾತಿನ ಗಡಿಯಿಂದ ಕನ್ಯಾಕುಮಾರಿವರೆಗೆ ಗೋಡೆಯ ಹಾಗೆ ನಿಂತಿದೆ. ಆ ಗೋಡೆಯಲ್ಲಿ ದೊಡ್ಡ ಬಾಗಿಲು ಇರುವುದು ಒಂದೇ, ಪಾಲಕ್ಕಾಡ್ ಕಣಿವೆ. ಸುಮಾರು 30 ಕಿ.ಮೀ. ಅಗಲದ ಈ ಜಾಗದಲ್ಲಿ ಶಿರಾಡಿ, ಚಾರ್ಮಾಡಿಯ ಹಾಗೆ ಹತ್ತುವ ಇಳಿಯುವ ರಗಳೆ ಇಲ್ಲ. ಸಮುದ್ರದ ಕಡೆಯಿಂದ ಬರುವ ಗಾಳಿ ಕೂಡ ಇಲ್ಲಿಂದಲೇ ನುಗ್ಗುತ್ತದೆ. ಪಲ್ಲಡಂ, ಧಾರಾಪುರಂ, ಉಡುಮಲೈಪೇಟೆ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಗಾಳಿಯಂತ್ರಗಳು ತಿರುಗುವುದು ಅದಕ್ಕೇ. ಗಾಳಿ ಬಂದ ದಾರಿಯಲ್ಲೇ ವ್ಯಾಪಾರ ಬಂತು, ವ್ಯಾಪಾರದ ದಾರಿಯಲ್ಲೇ ದಂಡು ಬಂತು.

ಈ ದಾರಿಗೆ ಹಳೆಯ ಹೆಸರೂ ಉಂಟು. ಕೊಯಮತ್ತೂರಿನ ಪಶ್ಚಿಮಕ್ಕೆ, ಪಾಲಕ್ಕಾಡ್ ಕಡೆಗೆ ಹೋಗುವಲ್ಲಿ ಸುಂಡಕ್ಕಾಮುತ್ತೂರು ಬಳಿಯ ಬೆಟ್ಟದಲ್ಲಿ ಚೋಳರ ಕಾಲದ ಒಂದು ಬಂಡೆ ಶಾಸನ ಸಿಕ್ಕಿದೆ. ಅದರಲ್ಲಿ ಈ ದಾರಿಯನ್ನು ‘ರಾಜಕೇಸರಿ ಪೆರುವಳಿ’ ಎಂದು ಕರೆಯಲಾಗಿದೆ. ಮನೆಯಲ್ಲಿ ಬ್ಯಾರಿ ಭಾಷೆ ಆಡುವವರಿಗೆ, ಸ್ವಲ್ಪ ಮಲಯಾಳಂ ಕಿವಿಗೆ ಬಿದ್ದವರಿಗೆ ಪೆರುವಳಿ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪೆರು ಅಂದರೆ ದೊಡ್ಡ, ವಳಿ ಅಂದರೆ ದಾರಿ. ನಮ್ಮ ‘ಹೆದ್ದಾರಿ’ ಶಬ್ದ ಹುಟ್ಟಿದ್ದೂ ಹೀಗೆಯೇ, ಹಿರಿದು ಮತ್ತು ದಾರಿ ಸೇರಿ. ಸಾವಿರ ವರ್ಷಕ್ಕೂ ಹಿಂದೆಯೇ ಅಲ್ಲಿ ಹೆಸರಿಟ್ಟ ಹೆದ್ದಾರಿ ಇತ್ತು.

ಅದಕ್ಕೂ ಒಂದು ಸಾವಿರ ವರ್ಷ ಹಿಂದೆ ಹೋದರೆ ರೋಮ್ ದೇಶದ ದುಡ್ಡು ಇದೇ ದಾರಿಯಲ್ಲಿ ಓಡಾಡಿದೆ. ಕೇರಳದ ಮುಝಿರಿಸ್ ಬಂದರಿನಲ್ಲಿ ಇಳಿದ ಬೆಳ್ಳಿ ನಾಣ್ಯಗಳು ಕಣಿವೆ ದಾಟಿ ಕೊಂಗು ನಾಡಿಗೆ ಬಂದವು. ಕೊಯಮತ್ತೂರು ಪಕ್ಕದ ವೆಳ್ಳಲೂರಿನಲ್ಲಿ 1842ರಲ್ಲಿ ಒಂದೇ ಕಡೆ 500ಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದವು. 1891ರಲ್ಲಿ ಅದೇ ಊರಿನಲ್ಲಿ ಇನ್ನೊಂದು ರಾಶಿ. ಪೊಳ್ಳಾಚಿಯಲ್ಲಿ ಒಂದು ಮಡಕೆಯೇ ಸಿಕ್ಕಿತ್ತು. 1800ರಲ್ಲಿ ಆ ಕಡೆ ಬಂದ ಫ್ರಾನ್ಸಿಸ್ ಬುಕಾನನ್‌ಗೆ ಅಲ್ಲಿನ ಕಲೆಕ್ಟರ್ ಹರ್ಡಿಸ್ ಆ ಮಡಕೆಯ ಆರು ನಾಣ್ಯ ಕೊಟ್ಟರಂತೆ, ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಕಾಲದ್ದು.

ಈ ಬುಕಾನನ್ ನಮ್ಮವರಿಗೂ ಬೇಕಾದ ಮನುಷ್ಯ. ಮದ್ರಾಸಿನಿಂದ ಹೊರಟು ಮೈಸೂರು, ಕಾಂಗೇಯಂ, ಧಾರಾಪುರಂ, ಪೊಳ್ಳಾಚಿ, ಪಾಲಕ್ಕಾಡ್ ದಾಟಿ ಮಲಬಾರಿನ ಮೂಲಕ 1801ರ ಆರಂಭದಲ್ಲಿ ಮಂಗಳೂರಿಗೆ ಬಂದವನು ಅವನು. ಮಂಗಳೂರಿನ ಮುಖ್ಯ ವ್ಯಾಪಾರಿಗಳು ಮಾಪಿಳ್ಳೆಗಳು ಮತ್ತು ಕೊಂಕಣಿಗಳು ಎಂದು ಬರೆದಿದ್ದಾನೆ. 1807ರಲ್ಲಿ ಅವನ ಪ್ರವಾಸದ ಮೂರು ಸಂಪುಟ ಅಚ್ಚಾಯಿತು. ಬ್ಯಾರಿಗಳು ಮತ್ತು ಧಾರಾಪುರದವರು ಒಂದೇ ಪುಸ್ತಕದ ಒಳಗೆ ಬಂದದ್ದು ಹೀಗೆ.

ಬನಿಯನ್ ಊರಿನ ಮೊದಲ ಸಾಹೇಬರು

ಪ್ರಯಾಣ ತಿರುಪ್ಪೂರಿನಿಂದಲೇ ಶುರುವಾಗಲಿ. ರೈಲು ಇಳಿದ ಕೂಡಲೇ ಸಿಗುವ ಹೆಸರು ತಿರುಪ್ಪೂರು ಕುಮರನ್ ಅವರದ್ದು. 1932ರ ಜನವರಿಯಲ್ಲಿ ಮೆರವಣಿಗೆಯಲ್ಲಿ ಪೊಲೀಸರ ಏಟು ತಿಂದು, ಕೈಯಲ್ಲಿದ್ದ ಬಾವುಟ ಬಿಡದೆ ಪ್ರಾಣ ಕೊಟ್ಟ ಯುವಕ. ಆಗ ಇನ್ನೂ 30 ತುಂಬಿರಲಿಲ್ಲ.

ಇನ್ನೊಂದು ಹೆಸರು ಅಷ್ಟು ಸುಲಭದಲ್ಲಿ ಕಾಣಿಸುವುದಿಲ್ಲ. ತಿರುಪ್ಪೂರಿನ ಬನಿಯನ್ ಉದ್ಯಮದ ಚರಿತ್ರೆ ಹೇಳುವವರು ಮೊದಲು ತೆಗೆಯುವ ಹೆಸರು ಎಂ.ಜಿ. ಗುಲಾಂ ಖಾದರ್ ಸಾಹೇಬರದ್ದು. ಸ್ವಾತಂತ್ರ್ಯಕ್ಕೂ ಮೊದಲೇ ಹೊರಗಿನಿಂದ ನಿಟ್ಟಿಂಗ್ ಯಂತ್ರ ತರಿಸಿ ‘ಬೇಬಿ ನಿಟ್ಟಿಂಗ್’ ಹೆಸರಿನಲ್ಲಿ ಘಟಕ ಆರಂಭಿಸಿದವರು. ಆಗ ಬನಿಯನ್ ಅಂದರೆ ಕೋಲ್ಕತ್ತಾ ಕಡೆಯ ಮಾಲು. ಇವತ್ತು ದೇಶದ ಹತ್ತಿ ನಿಟ್‌ವೇರ್ ರಫ್ತಿನಲ್ಲಿ ದೊಡ್ಡ ಪಾಲು ಈ ಊರಿನದ್ದು. ಮುಂದೆ ಉದ್ಯಮ ಬೆಳೆಸಿದ್ದು ಹೆಚ್ಚಾಗಿ ಹಳ್ಳಿಯಿಂದ ಬಂದ ಗೌಂಡರ್ ಸಮುದಾಯದ ರೈತ ಮಕ್ಕಳು, ಎಷ್ಟೋ ಮಂದಿ ಮೊದಲು ಕೂಲಿಗೆ ಯಂತ್ರ ಓಡಿಸಿ ಆಮೇಲೆ ಮಾಲಕರಾದವರು. ಮಷಿನ್ ಕಲಿತ ಮೇಲೆ ಮಾಲಕತ್ವ ಎಂಬ ಈ ಕ್ರಮ ನಮ್ಮ ಕಡೆ ಕಡಿಮೆ. ನಮ್ಮಲ್ಲಿ ಮೊದಲು ಅಂಗಡಿ ಹಾಕುವುದು, ಆಮೇಲೆ ವ್ಯಾಪಾರ ಕಲಿಯುವುದು!

ಕಲ್ಲು, ಕೊಬ್ಬರಿ, ಎತ್ತು

ತಿರುಪ್ಪೂರಿನಿಂದ ಕಾಂಗೇಯಂ ರಸ್ತೆ ಹಿಡಿದರೆ ನಡುವೆ ಪಡಿಯೂರ್ ಸಿಗುತ್ತದೆ. ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ದಾಟಿ ಹೋಗುವಷ್ಟು ಸಣ್ಣ ಊರು. ಆದರೆ ಸಮುದ್ರ ಬಣ್ಣದ ಬೆರಿಲ್ ಕಲ್ಲು ಸಿಗುತ್ತಿದ್ದ ಜಾಗ ಇದು. ವೈಡೂರ್ಯ ಎಂಬ ನಮ್ಮ ಶಬ್ದವೇ ಪ್ರಾಕೃತದ ವೇಳುರಿಯ ಆಗಿ, ಗ್ರೀಕ್, ಲ್ಯಾಟಿನ್ ಬಾಯಲ್ಲಿ ತಿರುಗಿ ಬೆರಿಲ್ ಆಯಿತು ಎನ್ನುತ್ತಾರೆ ಭಾಷೆ ಬಲ್ಲವರು. (ಬೆರಿಲ್‌ಗೂ ಬ್ಯಾರಿಗೂ ಸಂಬಂಧ ಇಲ್ಲ, ವಾಟ್ಸ್ಆ್ಯಪ್‌ನಲ್ಲಿ ಯಾರಾದರೂ ಕಳಿಸಿದರೆ ನಂಬಬೇಡಿ.) 1819-20ರಲ್ಲಿ ಹೀತ್ ಎಂಬ ಆಂಗ್ಲ ಇಲ್ಲಿ ಅಗೆದು ಎರಡು ಸಾವಿರಕ್ಕೂ ಹೆಚ್ಚು ಕಲ್ಲು ತೆಗೆದದ್ದು ದಾಖಲಾಗಿದೆ.

ಪಡಿಯೂರಿನ ಕಲ್ಲು ಹೋಗುತ್ತಿದ್ದದ್ದು ನೊಯ್ಯಲ್ ನದಿಯ ದಡದ ಕೊಡುಮಣಲ್‌ಗೆ. ಈಗ ಅದು ಈರೋಡ್ ಜಿಲ್ಲೆಯಲ್ಲಿದೆ. ಪುರಾತತ್ವ ತಜ್ಞ ಕೆ. ರಾಜನ್ ಮತ್ತು ಸಂಗಡಿಗರು 1980ರ ದಶಕದಿಂದ ನಡೆಸಿದ ಉತ್ಖನನದಲ್ಲಿ ಅಲ್ಲಿ ಕಲ್ಲು ಕೊರೆದು ಮಣಿ ಮಾಡುವ ಕೆಲಸದ ಜಾಗ, ಕಬ್ಬಿಣ ಕಾಯಿಸುವ ಕುಲುಮೆ, ಹೆಸರು ಕೆತ್ತಿದ ಮಡಕೆ ಚೂರುಗಳು ಸಿಕ್ಕಿವೆ. ಒಂದು ಚೂರಿನಲ್ಲಿ ‘ನಿಗಮ’ ಎಂಬ ಶಬ್ದ ಇದೆ. ನಿಗಮ ಅಂದರೆ ವ್ಯಾಪಾರಿಗಳ ಸಂಘ. ಅಂದರೆ ಎರಡು ಸಾವಿರ ವರ್ಷ ಹಿಂದೆಯೇ ಇಲ್ಲಿ ಕಚ್ಚಾ ಮಾಲು ಒಂದು ಊರಲ್ಲಿ, ಕೆಲಸ ಇನ್ನೊಂದು ಊರಲ್ಲಿ, ರಫ್ತು ಮೂರನೇ ಊರಿನ ಬಂದರಿನಿಂದ ನಡೆಯುತ್ತಿತ್ತು. ಇವತ್ತಿನ ತಿರುಪ್ಪೂರಿನ ಲೆಕ್ಕವೂ ಇದೇ ತಾನೇ. ಭಾರತಕ್ಕೆ ಪ್ರತಿ ವರ್ಷ ಐದು ಕೋಟಿ ಸೆಸ್ಟರ್ಸ್ ಹಣ ಹರಿದು ಹೋಗುತ್ತಿದೆ ಎಂದು ರೋಮಿನ ಪ್ಲಿನಿ ಗೊಣಗಿದ್ದಾನೆ. ವ್ಯಾಪಾರದಲ್ಲಿ ಕೊರತೆ ಬಿದ್ದವರ ಗೊಣಗಾಟ ಎಲ್ಲಾ ಕಾಲದಲ್ಲೂ ಒಂದೇ.

ಕಾಂಗೇಯಂ ಹೆಸರು ನಮ್ಮ ಕರಾವಳಿಯ ಕೊಬ್ಬರಿ ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಒಣ ಹವೆ, ಬಿಸಿಲು ಜಾಸ್ತಿ ಇರುವುದರಿಂದ ಕೊಬ್ಬರಿ ಒಣಗಿಸುವ ಕಣಗಳು, ಎಣ್ಣೆ ಗಿರಣಿಗಳು ಇಲ್ಲಿ ಸಾಲು ಸಾಲು. ತೆಂಗು ಬೆಳೆಯುವುದು ಮಳೆ ಬೀಳುವ ಕಡೆ, ಎಣ್ಣೆ ಬರುವುದು ಮಳೆ ಇಲ್ಲದ ಕಡೆಯಿಂದ. ಊರಿಗೆ ಇನ್ನೊಂದು ಹೆಸರು ತಂದದ್ದು ಕಾಂಗೇಯಂ ತಳಿಯ ಎತ್ತು. ಮುಳ್ಳು ಬೇಲಿ ಹಾಕಿದ ‘ಕೊರಂಗಾಡು’ ಎಂಬ ಹುಲ್ಲುಗಾವಲಿನಲ್ಲಿ ಬೆಳೆದ ಈ ಎತ್ತುಗಳು ಗಟ್ಟಿ ಕಾಲಿನವು, ಭಾರ ಎಳೆಯುವುದರಲ್ಲಿ ಎತ್ತಿದ ಕೈ. ಹೈದರ್, ಟಿಪ್ಪು, ಕಂಪೆನಿ ಎಲ್ಲರ ಕಾಲದಲ್ಲೂ ಫಿರಂಗಿ ಎಳೆದದ್ದು ಎತ್ತು. ಅಕ್ಕಿ, ಹುಲ್ಲು, ಎತ್ತು ಮೂರೂ ಸಿಗುವ ನಾಡನ್ನು ಯಾವ ಸೇನಾಪತಿ ಬಿಟ್ಟಾನು?

ಕಾಂಗೇಯಂ ಪಕ್ಕದಲ್ಲೇ ಶಿವನ್‌ಮಲೈ ಬೆಟ್ಟ. ಇದಕ್ಕೆ ಅಂಟಿಕೊಂಡು ಒಂದು ಜನಪ್ರಿಯ ಕಥೆ ಉಂಟು. ಕೊಂಗು ನಾಡಿನಿಂದ ಕಂದಾಯದ ಹಣ ಮೈಸೂರಿಗೆ ಹೋಗುತ್ತಿದ್ದಾಗ ಕಾಂಗೇಯಂ ಬಳಿಯ ಮೇಲಪಾಳಯಂನ ತೀರ್ಥಗಿರಿ ಎಂಬ ಯುವಕ ಅದನ್ನು ತಡೆದು ಕಿತ್ತುಕೊಂಡನಂತೆ. ಯಾರು ಕಿತ್ತರೆಂದು ಕೇಳಿದರೆ, ಶಿವನ್‌ಮಲೈಗೂ ಚೆನ್ನಿಮಲೈಗೂ ನಡುವಿನ ಚಿನ್ನಮಲೈ ಕಿತ್ತುಕೊಂಡ ಎಂದು ಹೇಳಿ ಹೋಗು ಎಂದನಂತೆ. ಅವನೇ ಮುಂದೆ ಧೀರನ್ ಚಿನ್ನಮಲೈ. ಮೈಸೂರಿನ ಕಂದಾಯ ದೋಚಿದವನು ಎಂದು ಕಥೆಯಲ್ಲಿ ಬರುವ ಈ ಮನುಷ್ಯನೇ ಆಮೇಲೆ ಟಿಪ್ಪು ಸುಲ್ತಾನರ ಜೊತೆ ನಿಂತು ಕಂಪೆನಿ ವಿರುದ್ಧ ಹೋರಾಡಿದ. ಟಿಪ್ಪು ಹುತಾತ್ಮರಾದ ಮೇಲೂ ಓಡಾನಿಲೈಯಲ್ಲಿ ಕೋಟೆ ಕಟ್ಟಿಕೊಂಡು ಯುದ್ಧ ಮುಂದುವರಿಸಿದ. 1805ರ ಜುಲೈ 31ರಂದು ಶಂಕಗಿರಿ ಕೋಟೆಯಲ್ಲಿ ಅವನನ್ನು ಗಲ್ಲಿಗೇರಿಸಿದರು. 2005ರಲ್ಲಿ ಅಂಚೆ ಇಲಾಖೆ ಅವನ ಹೆಸರಿನ ಸ್ಟ್ಯಾಂಪ್ ತಂದಿದೆ.

ಈ ಕಥೆಯ ಎರಡೂ ತುದಿಯನ್ನು ಒಟ್ಟಿಗೆ ಹಿಡಿದುಕೊಂಡವರು ಕೊಂಗಿನ ಜನ. ಮೈಸೂರಿನ ಕಂದಾಯ ಅವರಿಗೆ ಭಾರವಾಗಿತ್ತು ಎಂಬುದನ್ನೂ ಮರೆತಿಲ್ಲ, ಕಂಪೆನಿ ಬಂದಾಗ ಮೈಸೂರಿನ ಜೊತೆ ಸೇರಿದ್ದನ್ನೂ ಮರೆತಿಲ್ಲ. ನಮ್ಮ ಕಡೆ ಟಿಪ್ಪು ಹೆಸರು ಬಂದರೆ ಒಂದೋ ಪೂರ್ತಿ ಜೈಕಾರ, ಇಲ್ಲ ಪೂರ್ತಿ ಧಿಕ್ಕಾರ. ನಡುವೆ ನಿಂತು ಕೇಳುವವರಿಗೆ ಜಾಗ ಇಲ್ಲದ ಹಾಗಾಗಿದೆ.

ಧಾರಾಪುರಂ ಕೈ ಬದಲಿಸಿದ ಲೆಕ್ಕ

ಕಾಂಗೇಯಂನಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ಹೋದರೆ ಧಾರಾಪುರಂ. ಒಣ ಭೂಮಿ ಮುಗಿದು ಇದ್ದಕ್ಕಿದ್ದ ಹಾಗೆ ಗದ್ದೆ, ತೆಂಗು ಕಾಣಿಸುತ್ತದೆ, ಅಮರಾವತಿಯ ನೀರಿನಿಂದ. ಪಳನಿ, ಪೊಳ್ಳಾಚಿ, ಕರೂರು, ಈರೋಡ್ ಕಡೆಯ ರಸ್ತೆಗಳು ಇಲ್ಲಿ ಸೇರುತ್ತವೆ. ನೀರು ಮತ್ತು ಕೂಡುರಸ್ತೆ ಎರಡೂ ಇರುವ ಊರು ಹೀಗಾಗಿ ಯಾರ ಕೈಯಲ್ಲೂ ಬಹಳ ಕಾಲ ನಿಲ್ಲಲಿಲ್ಲ.

1667ರಲ್ಲಿ ಮೈಸೂರಿನವರು ಮದುರೆಯ ನಾಯಕರಿಂದ ಇದನ್ನು ಗೆದ್ದುಕೊಂಡರು. ಮೊದಲ ಮೈಸೂರು ಯುದ್ಧದಲ್ಲಿ, 1768ರಲ್ಲಿ, ಕಂಪೆನಿಯ ಕರ್ನಲ್ ವುಡ್ ಹಿಡಿದ. ಅದೇ ವರ್ಷ ಹೈದರಾಲಿ ವಾಪಸ್ ಪಡೆದರು. ನಂತರ ಬಂತು 1783. ಮಂಗಳೂರಿನವರು ಸ್ವಲ್ಪ ನಿಂತು ನೋಡಬೇಕಾದ್ದು ಈ ವರ್ಷ.

1782ರ ಡಿಸೆಂಬರಿನಲ್ಲಿ ಹೈದರಾಲಿ ತೀರಿಕೊಂಡರು. ಬೊಂಬಾಯಿ ಕಡೆಯಿಂದ ಬಂದ ಕಂಪೆನಿಯ ದಂಡು ಬಿದನೂರು, ಮಂಗಳೂರು ಹಿಡಿದುಕೊಂಡಿತು. ಟಿಪ್ಪು ಪೂರ್ವದ ಯುದ್ಧ ಬಿಟ್ಟು ತಮ್ಮ ದೊಡ್ಡ ಸೇನೆಯನ್ನು ಪಶ್ಚಿಮಕ್ಕೆ ತಿರುಗಿಸಿದರು. ಬಿದನೂರು ವಾಪಸ್ ಪಡೆದು, 1783ರ ಮೇ ತಿಂಗಳಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದರು. ಒಳಗೆ ಕರ್ನಲ್ ಕ್ಯಾಂಪ್‌ಬೆಲ್, ಹೊರಗೆ ಟಿಪ್ಪು, ನಡುವೆ ಕರಾವಳಿಯ ಮಳೆಗಾಲ. ಮುತ್ತಿಗೆ ಬೇಗ ಮುಗಿಯಲಿಲ್ಲ.

ಮೈಸೂರಿನ ಮುಖ್ಯ ಬಲ ಮಂಗಳೂರಿನ ಕೆಸರಿನಲ್ಲಿ ಸಿಕ್ಕಿಕೊಂಡಿದ್ದಾಗ ಘಟ್ಟದ ಆಚೆ ಕಾವಲು ತೆಳ್ಳಗಾಗಿತ್ತು. ಕಂಪೆನಿಯ ಕರ್ನಲ್ ಫುಲ್ಲರ್ಟನ್‌ಗೆ ದಾರಿ ಸಿಕ್ಕಿತು. 1783ರ ಜೂನ್ 2ರಂದು ಧಾರಾಪುರಂ ಅವನ ಕೈಗೆ ಹೋಯಿತು. ನವೆಂಬರಿನಲ್ಲಿ ಪಾಲಕ್ಕಾಡ್ ಕೋಟೆ, ಅದರ ಬೆನ್ನಿಗೇ ಕೊಯಮತ್ತೂರು. ಅಲ್ಲಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗುವ ಯೋಜನೆ ಅವನದ್ದು. ಅಷ್ಟರಲ್ಲಿ ಮದ್ರಾಸಿನಿಂದ ಮಾತುಕತೆಗೆ ಜನ ಹೊರಟಾಗಿತ್ತು, ಮುಂದೆ ಹೋಗಬೇಡ ಎಂಬ ಆದೇಶ ಬಂತು.

1784ರ ಜನವರಿ ಕೊನೆಗೆ ಮಂಗಳೂರು ಕೋಟೆ ಶರಣಾಯಿತು. ಮಾರ್ಚ್ 11ರಂದು ಒಪ್ಪಂದ. ಇಬ್ಬರೂ ಗೆದ್ದದ್ದನ್ನು ವಾಪಸ್ ಕೊಡಬೇಕು, ಕೈದಿಗಳನ್ನು ಬಿಡಬೇಕು ಎಂಬುದು ಅದರ ತಿರುಳು. ಕರೂರು, ಅರವಕುರಿಚ್ಚಿ, ಧಾರಾಪುರಂ ಕೋಟೆಗಳನ್ನು ಟಿಪ್ಪುವಿಗೆ ಬಿಟ್ಟುಕೊಡುವ ಮಾತು ಅದರಲ್ಲಿ ಹೆಸರು ಸಮೇತ ಇದೆ. ಭಾರತದ ಒಬ್ಬ ದೊರೆ ತನ್ನ ನೆಲದಲ್ಲಿ ಕೂತು, ಕಂಪೆನಿಯ ಪ್ರತಿನಿಧಿಗಳನ್ನು ಕರೆಸಿಕೊಂಡು ಸಮಾನನಾಗಿ ಸಹಿ ಮಾಡಿದ್ದು ಮುಂದೆ ಹೆಚ್ಚು ಸಲ ನಡೆಯಲಿಲ್ಲ. ಬೋಳೂರಿನ ಸುಲ್ತಾನ್ ಬತ್ತೇರಿ ಕಟ್ಟಿದ್ದೂ ಅದೇ ವರ್ಷ ಎನ್ನುತ್ತಾರೆ. ಅಲ್ಲಿ ಸೆಲ್ಫಿ ತೆಗೆಯುವ ನಮ್ಮ ಎಷ್ಟು ಹುಡುಗರಿಗೆ ಇದು ಗೊತ್ತು?

ಅದೇ 1784 ಕರಾವಳಿಯ ಕ್ರೈಸ್ತರಿಗೆ ಬೇರೆ ನೆನಪಿನ ವರ್ಷ. ಕಂಪೆನಿಗೆ ಸಹಾಯ ಮಾಡಿದರೆಂಬ ಆರೋಪದಲ್ಲಿ ಸಾವಿರಾರು ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, ದಾರಿಯಲ್ಲಿ ಅನೇಕರು ಸತ್ತದ್ದು ಚರಿತ್ರೆಯಲ್ಲಿ ಇದೆ. ಒಪ್ಪಂದದ ಹೆಮ್ಮೆಯನ್ನು ಹೇಳುವವರು ಇದನ್ನು ಬಿಟ್ಟು ಹೇಳಿದರೆ ಲೆಕ್ಕ ಪುಸ್ತಕದ ಒಂದೇ ಬದಿ ಬರೆದ ಹಾಗೆ.

ಒಪ್ಪಂದ ಆರು ವರ್ಷ ಬಾಳಿತು. 1790ರಲ್ಲಿ ಜನರಲ್ ಮೆಡೋಸ್ ಧಾರಾಪುರಂ, ಕೊಯಮತ್ತೂರು ಎರಡನ್ನೂ ಹಿಡಿದ. ಸೆಪ್ಟೆಂಬರಿನಲ್ಲಿ ಟಿಪ್ಪು ಗಜ್ಜಲಹಟ್ಟಿ ಕಣಿವೆ ಇಳಿದು ಸತ್ಯಮಂಗಲದಲ್ಲಿ ಕಾದಾಡಿ, ಅಕ್ಟೋಬರಿನಲ್ಲಿ ಧಾರಾಪುರಂ ಮತ್ತೆ ಪಡೆದರು. 1792ರಲ್ಲಿ ಕೋಟೆಯನ್ನೇ ಕೆಡವಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಊರು ಶಾಶ್ವತವಾಗಿ ಕಂಪೆನಿಗೆ. ಪ್ರತಿ ಸಲ ಬಾವುಟ ಬದಲಾದಾಗಲೂ ಅಲ್ಲಿನ ರೈತನ ಭತ್ತ, ಎತ್ತು ಯಾವುದೋ ಒಂದು ದಂಡಿಗೆ ಹೋಗಿರುತ್ತದೆ. ಅಂಥವರ ಹೆಸರನ್ನು ಯಾವ ಒಪ್ಪಂದವೂ ಬರೆಯುವುದಿಲ್ಲ.

ಕಂಪೆನಿ ಬಂದ ಮೇಲೂ ಕೊಂಗು ಸುಮ್ಮನೆ ಕೂರಲಿಲ್ಲ. 1800ರ ಜೂನ್ 3ರಂದು, ಮುಹರ್ರಂ ಆಚರಣೆಯ ಗದ್ದಲದ ಸಮಯ ನೋಡಿ, ಕೊಯಮತ್ತೂರು ಕೋಟೆ ಹಿಡಿಯುವ ಒಂದು ಯತ್ನ ನಡೆಯಿತು. ಹಿಂದೂ ಪಾಳೆಯಗಾರರು ಮತ್ತು ಟಿಪ್ಪುವಿನ ಹಳೆಯ ಸಿಪಾಯಿಗಳು ಸೇರಿ ಮಾಡಿದ ಯೋಜನೆ. ಅದು ಫಲಿಸಲಿಲ್ಲ. ಸಿಕ್ಕಿಬಿದ್ದವರನ್ನು ಗಲ್ಲಿಗೇರಿಸಿದರು.

ಈಗ ಅಲ್ಲಿ ಏನಿದೆ

ಕೋಟೆ ನೋಡುವ ಆಸೆಯಿಂದ ಧಾರಾಪುರಕ್ಕೆ ಹೋದರೆ ನಿರಾಸೆ ಖಂಡಿತ. ಬಸ್ ಸ್ಟ್ಯಾಂಡ್, ಬೇಕರಿ, ರಸಗೊಬ್ಬರದ ಅಂಗಡಿ, ಮೊಬೈಲ್ ಶೋರೂಮ್, ಬೇರೆ ಯಾವುದೇ ತಾಲೂಕು ಕೇಂದ್ರದ ಹಾಗೆ. ಗೈಡ್ ಇಲ್ಲ, ಟಿಕೆಟ್ ಇಲ್ಲ. ಆದರೂ ಕಣ್ಣು ಬಿಟ್ಟು ನಡೆದರೆ ಸಿಗುವುದು ಇದೆ. ಕಾಡು ಹನುಮಂತರಾಯ ಸ್ವಾಮಿ ದೇವಸ್ಥಾನ ಉಂಟು, ಹೆಸರೇ ನಮ್ಮ ಕಡೆಯದ್ದರ ಹಾಗೆ ಕೇಳಿಸುತ್ತದೆ. ಮೂರ್ತಿಯನ್ನು ಸ್ಥಾಪಿಸಿದ್ದು ಕನ್ನಡ ನಾಡಿನ ವ್ಯಾಸರಾಯರು ಎಂಬುದು ಭಕ್ತರ ನಂಬಿಕೆ. ಕೊಂಗು ನಾಡಿನಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರು, ಒಕ್ಕಲಿಗರು ಇವತ್ತಿಗೂ ಇದ್ದಾರೆ. ಅಂಗಡಿಯಲ್ಲಿ ನೀವು ಕನ್ನಡದಲ್ಲಿ ಪಿಸುಗುಟ್ಟಿ ರೇಟ್ ಚರ್ಚಿಸುವಾಗ ಸ್ವಲ್ಪ ಜಾಗ್ರತೆ!

ಧಾರಾಪುರಂ, ಉಡುಮಲೈಪೇಟೆ, ಕೊಯಮತ್ತೂರು ಕಡೆಯ ತಮಿಳು ಮುಸ್ಲಿಮರಲ್ಲಿ ರಾವುತ್ತರ್ ಸಮುದಾಯದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕನ್ನಡದ ‘ರಾವುತ’ ಅಂದರೆ ಕುದುರೆ ಸವಾರ, ಆ ಶಬ್ದವೇ ಇಲ್ಲಿ ಸಮುದಾಯದ ಹೆಸರು. ನಾವು ಕಡಲಿನ ಕಡೆಯಿಂದ ಬಂದ ವ್ಯಾಪಾರದ ಹೆಸರಿನವರು, ಅವರು ಕುದುರೆಯ ಹೆಸರಿನವರು. ಅವರಲ್ಲಿ ಹೆಚ್ಚಿನವರು ಹನಫಿಗಳು, ಆದ್ದರಿಂದ ಅಸರ್ ಬಾಂಗ್ ನಮ್ಮ ಶಾಫಿ ಮಸೀದಿಗಳಿಗಿಂತ ತಡವಾಗಿ ಆಗುತ್ತದೆ. ಬಸ್ ಟೈಮ್ ನೋಡಿಕೊಳ್ಳುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಕೊಯಮತ್ತೂರಿನಲ್ಲೂ ಕೋಟೆ ಇಲ್ಲ, ಆದರೆ ಕೋಟೆ ಇದ್ದ ಜಾಗದ ಹೆಸರು ಕೋಟ್ಟೈಮೇಡು ಎಂದೇ ಉಳಿದಿದೆ. ಮುಸ್ಲಿಮರು ಹೆಚ್ಚು ವಾಸಿಸುವ ಹಳೆಯ ಮೊಹಲ್ಲಾ. ಹತ್ತಿರದ ಒಪ್ಪಣಕ್ಕಾರ ಬೀದಿಯಲ್ಲಿ ಅತ್ತರ್ ವ್ಯಾಪಾರಿಗಳು ಕಟ್ಟಿಸಿದ ಅತ್ತರ್ ಜಮಾಅತ್ ಮಸೀದಿ ಇದೆ.

ಗೋಡೆ, ಕಂದಕ, ಬುರುಜು ಕಣ್ಣಾರೆ ನೋಡಲೇಬೇಕು ಎನ್ನುವವರು ಮಂಗಳೂರಿಗೆ ವಾಪಸ್ ಬರುವ ರೈಲಿನಲ್ಲಿ ಪಾಲಕ್ಕಾಡ್‌ನಲ್ಲಿ ಇಳಿಯಬೇಕು. ಹೈದರಾಲಿ 1766ರಲ್ಲಿ ಕಟ್ಟಿಸಿದ, 1783ರ ನವೆಂಬರಿನಲ್ಲಿ ಫುಲ್ಲರ್ಟನ್ ಹಿಡಿದ ಕೋಟೆ ಊರ ನಡುವೆ ಇನ್ನೂ ಗಟ್ಟಿಯಾಗಿ ನಿಂತಿದೆ. ಕಾರಿನಲ್ಲಿ ಬಂದವರಿಗೆ ಇನ್ನೊಂದು ದಾರಿ ಸತ್ಯಮಂಗಲ, ದಿಂಬಂ, ಚಾಮರಾಜನಗರ, ಮೈಸೂರು. ಸತ್ಯಮಂಗಲದ ಹತ್ತಿರ ಭವಾನಿಸಾಗರ ಅಣೆಕಟ್ಟೆಯ ನೀರಿನಡಿ ಹೊಯ್ಸಳರ ಕಾಲದ ದಣ್ಣಾಯಕನ ಕೋಟೆ ಮುಳುಗಿದೆ. ನೀರು ತೀರಾ ಇಳಿದ ವರ್ಷ ಅಲ್ಲಿನ ದೇವಸ್ಥಾನ ಮೇಲೆ ಕಾಣಿಸುತ್ತದೆ. ಟಿಪ್ಪು ಇಳಿದ ಗಜ್ಜಲಹಟ್ಟಿ ಕಣಿವೆ ಇರುವುದೂ ಅದೇ ಕಡೆ, ಈಗ ಪೂರ್ತಿ ಹುಲಿ ಕಾಡು, ಹೋಗುವಂತಿಲ್ಲ. ದಿಂಬಂ ಘಾಟಿಯಲ್ಲಿ 27 ತಿರುವು ಉಂಟು, ಕಾಡುಪ್ರಾಣಿಗಳಿಗಾಗಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಉಂಟು. ಧಾರಾಪುರದಿಂದ ಬೆಳಗ್ಗೆ ಸುಬ್‌ಹಿ ಮುಗಿಸಿ ಹೊರಟರೆ ಬಿಸಿಲು ಏರುವ ಮೊದಲು ಘಾಟಿಯ ಬುಡ ತಲುಪಬಹುದು.